ಸೆಂಟ್ರಿಂಗ್ ಬಿಚ್ಚಿದ ಶುಕ್ರವಾರ ಮತ್ತು ಆಮೇಲಿನ ಹನ್ನೊಂದು ದಿನ

ಒಬ್ಬ ಮನುಷ್ಯನಿಗೆ ಹನ್ನೊಂದು ದಿನ ಮೂತ್ರ ಬರಲಿಲ್ಲ. ಅವನ ಹೆಸರು ಸಿದ್ದರಾಜು. ಹೆಗ್ಗಡದೇವನಕೋಟೆ ಕಡೆಯ ಹಳ್ಳಿಯವನು, ಸೆಂಟ್ರಿಂಗ್ ಕೆಲಸದವನು. ಅವನು ಆ ಸ್ಥಿತಿಗೆ ಬಂದದ್ದರಲ್ಲಿ ನನ್ನ ಪಾಲಿತ್ತು. ಅವನು ಉಳಿದದ್ದು ನಮ್ಮ ಗುಡಿಯ ತಾಯಿ ಲಕ್ಷ್ಮೀದೇವಮ್ಮನ ಕೃಪೆಯಿಂದ. ಅವನು ಉಳಿದ ಕಥೆಯನ್ನು ನಿಮ್ಮಲ್ಲಿ ಅನೇಕರು ಶುಕ್ರವಾರದ ಪೂಜೆಯಲ್ಲಿ ನನ್ನ ಬಾಯಿಂದಲೇ ಕೇಳಿದ್ದೀರಿ. ನನ್ನ ಪಾಲಿನದನ್ನು ನಾನು ಪೂರ್ತಿ ಹೇಳಿರಲಿಲ್ಲ. ಕೃಪೆಯ ಕಥೆಯನ್ನೂ ಸರಿಯಾಗಿ ಹೇಳಿರಲಿಲ್ಲವೆಂದು ಹೋದ ತಿಂಗಳು, ಬರೆದು ಕೊಡಿ ಎಂದು ನೀವು ಕೇಳಿದಾಗ, ಹಳೆಯ ಡೈರಿ ತೆಗೆದು ನೋಡಿದ ಮೇಲೆ ತಿಳಿಯಿತು. ಆದ್ದರಿಂದ ಇಲ್ಲಿ ನೆನಪಿಗಿಂತ ಡೈರಿಯನ್ನು ಹೆಚ್ಚು ನಂಬಿದ್ದೇನೆ. ಡೈರಿ ಸುಮ್ಮನಿರುವ ಕಡೆ ಹಾಗೆಂದೇ ಹೇಳುತ್ತೇನೆ.

ಅದು ೨೦೦೨ನೇ ಇಸವಿ. ಮೈಸೂರಿನ ಒಂದು ಕಾಲೇಜಿನಲ್ಲಿ ಕನ್‌ಸ್ಟ್ರಕ್ಷನ್ ಎಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್ ವಿಷಯದಲ್ಲಿ ಎಂ.ಟೆಕ್. ಎರಡನೇ ವರ್ಷದಲ್ಲಿದ್ದೆ. ಕಟ್ಟಡದ ಕೆಲಸವನ್ನು ಕ್ರಮವಾಗಿ, ಕಡಿಮೆ ದಿನಗಳಲ್ಲಿ, ಯಾರಿಗೂ ಅಪಾಯವಾಗದಂತೆ ನಡೆಸುವುದು ಹೇಗೆ ಎಂಬುದೇ ಆ ಓದು. ಅದಕ್ಕೆ ಮೊದಲು ಬಿ.ಇ. ಮುಗಿಸಿ ಮೂರು ವರ್ಷ ನಮ್ಮೂರು ಹುಣಸೂರಿನಲ್ಲಿ ಕೂತು ಮನೆಗಳ ಪ್ಲಾನ್ ಬರೆದಿದ್ದೆ. ಹೆಂಗಸೆಂದು ಸೈಟಿಗೆ ಯಾರೂ ಕರೆಯುತ್ತಿರಲಿಲ್ಲ. ಎಂ.ಟೆಕ್. ಮಾಡಿದರೆ ಕರೆಯುತ್ತಾರೆ ಎಂಬ ಆಸೆಯಿತ್ತು.

ತಾರಸಿಗೆ ಕಾಂಕ್ರೀಟ್ ಹಾಕಿದ ಮೇಲೆ, ಅದು ತನ್ನ ಭಾರ ತಾನೇ ಹೊರುವಷ್ಟು ಗಟ್ಟಿಯಾಗುವವರೆಗೆ, ಕೆಳಗಿನಿಂದ ಹಲಗೆಗಳನ್ನೂ ನೀಲಗಿರಿ ಕಂಬಗಳನ್ನೂ ಕೊಟ್ಟು ಹಿಡಿದಿಡುತ್ತಾರೆ. ಅದೇ ಸೆಂಟ್ರಿಂಗ್. ಅದನ್ನು ಎಷ್ಟನೇ ದಿನ ಬಿಚ್ಚಬೇಕೆಂಬುದಕ್ಕೆ ಪುಸ್ತಕದಲ್ಲಿ ಲೆಕ್ಕವಿದೆ. ಅದೇ ಕಾಂಕ್ರೀಟಿನಿಂದ ಸಣ್ಣ ಚೌಕದ ಗಟ್ಟಿಗಳನ್ನು, ಅಂದರೆ ಕ್ಯೂಬುಗಳನ್ನು, ಮಾಡಿಟ್ಟು ಆಗಾಗ ಒಡೆದು ನೋಡುತ್ತಾ ಬಂದರೆ ಪುಸ್ತಕದ ಲೆಕ್ಕಕ್ಕಿಂತ ಮೊದಲೇ ಬಿಚ್ಚಬಹುದೆ? ಇದು ನನ್ನ ಪ್ರಬಂಧದ ವಿಷಯ. ಬಿಚ್ಚಬಹುದು ಎಂದು ತೋರಿಸುವುದು ನನ್ನ ಆಸೆ. ಆಸೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ.

ಸಾಲಿಗ್ರಾಮದ ಹತ್ತಿರದ ಹಳ್ಳಿಯೊಂದು ನನ್ನ ತಾಯಿಯ ತವರು. ಅಲ್ಲಿ ಲಕ್ಷ್ಮೀದೇವಮ್ಮನ ಗುಡಿಯ ಪಕ್ಕಕ್ಕೆ ಸಮುದಾಯ ಭವನ ಏಳುತ್ತಿತ್ತು. ಕಟ್ಟಡ ಸಮಿತಿಯ ಯಜಮಾನರು ನನ್ನ ಸೋದರಮಾವ. “ನಿನ್ ಓದ್ಗೂ ಆಯ್ತದೆ, ನಮ್ಮೂರ್ಗೂ ಆಯ್ತದೆ, ಬಂದು ನಿಂತ್ಕೊ ಕೂಸೆ” ಎಂದರು. ಕಂಟ್ರಾಕ್ಟರ ಕಡೆಯ ಎಂಜಿನಿಯರು ಅಪರೂಪಕ್ಕೆ ಬರುತ್ತಿದ್ದರು. ಕಾಗದದ ಮೇಲೆ ನನಗೆ ಯಾವ ಅಧಿಕಾರವೂ ಇರಲಿಲ್ಲ. ಆದರೆ ಕೆಲಸದವರೆಲ್ಲ ನನ್ನನ್ನು ‘ಇಂಜಿನಿಯರಮ್ಮೋರೇ’ ಎಂದು ಕರೆಯುತ್ತಿದ್ದರು, ನಾನೂ ಓಗೊಡುತ್ತಿದ್ದೆ.

ಜೂನ್ ಹದಿನೇಳನೇ ತಾರೀಕು ಸೋಮವಾರ ತಾರಸಿಗೆ ಕಾಂಕ್ರೀಟ್ ಹಾಕಿದರು. ಇಪ್ಪತ್ತಡಿಗೂ ಮೀರಿದ ಉದ್ದದ ತೊಲೆಗಳು. ಪುಸ್ತಕದ ಪ್ರಕಾರ ಅವುಗಳ ಕೆಳಗಿನ ಕಂಬಗಳನ್ನು ಇಪ್ಪತ್ತೊಂದು ದಿನ ಮುಟ್ಟಬಾರದು. ಆ ವರ್ಷ ಜುಲೈ ಎರಡನೇ ವಾರಕ್ಕೆ ಆಷಾಢ ಹಿಡಿಯುತ್ತಿತ್ತು. ಆಷಾಢದಲ್ಲಿ ಪ್ರವೇಶ ಮಾಡುವಂತಿಲ್ಲ. ಜುಲೈ ಮೊದಲ ವಾರದಲ್ಲೇ ಪ್ರವೇಶವಾಗಬೇಕಾದರೆ ತಾರಸಿಯ ಕೆಳಗೆ ಗಾರೆ ಮೆತ್ತಬೇಕು, ಅದಕ್ಕೆ ಜೂನ್ ಮುಗಿಯುವುದರೊಳಗೆ ಸೆಂಟ್ರಿಂಗ್ ಬಿಚ್ಚಬೇಕು. ನನ್ನ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ ಎಂದುಕೊಂಡೆ.

ಹೊಸ ತಾರಸಿಯ ಮೇಲೆ ಮಣ್ಣಿನ ಸಣ್ಣ ಬದುಗಳನ್ನು ಕಟ್ಟಿ ನೀರು ನಿಲ್ಲಿಸಬೇಕು. ನೀರು ಕುಡಿದರೇ ಕಾಂಕ್ರೀಟಿಗೆ ಬಲ. ಜೂನ್ ಇಪ್ಪತ್ತಮೂರರ ಭಾನುವಾರ ನಾನು ಏಣಿ ಹತ್ತಿ ನೋಡಿದೆ. ಆ ದಿನದ ಡೈರಿ ಹೀಗಿದೆ: “ಬದು ಒಣಗಿವೆ. ಮೋಟಾರು ಸುಟ್ಟು ನಾಲ್ಕು ದಿನವಂತೆ. ಗಾಳಿ ಜೋರು. ಮೇಸ್ತ್ರಿಗೆ ಹೇಳಿದೆ.” ಮೇಸ್ತ್ರಿ ರಾಜಣ್ಣ ಅಂದದ್ದನ್ನೂ ಬರೆದಿದ್ದೇನೆ: “ಕೊಡದಲ್ಲಿ ಎಷ್ಟೂಂತ ಒಯ್ಯದು ಇಂಜಿನಿಯರಮ್ಮೋರೇ? ಮಳೆಗಾಲ ಅಲ್ವಾ, ಮ್ಯಾಲ್ಗಡೆಯಿಂದ್ಲೇ ಉಯ್ತಾನೆ ಬುಡಿ.” ಮಳೆ ಹುಯ್ಯಲಿಲ್ಲ.

ಕ್ಯೂಬುಗಳಾದರೋ ಮೈಸೂರಿನಲ್ಲಿ, ಕಾಲೇಜಿನ ಲ್ಯಾಬಿನ ನೀರಿನ ತೊಟ್ಟಿಯಲ್ಲಿ, ತಣ್ಣಗೆ ಮುಳುಗಿ ಕೂತಿದ್ದವು. ಗುರುವಾರ ಅವನ್ನು ಒಡೆದೆವು. ತುಂಬ ಒಳ್ಳೆಯ ಬಲ ಬಂದಿತ್ತು. ನೀರಿನಲ್ಲಿ ಬೆಳೆದ ಕ್ಯೂಬೇ ಬೇರೆ, ಗಾಳಿಯಲ್ಲಿ ಒಣಗಿದ ತಾರಸಿಯೇ ಬೇರೆ ಎಂದು ಬಿ.ಇ. ಓದುವ ಹುಡುಗರಿಗೂ ಗೊತ್ತು. ನನಗೂ ಗೊತ್ತಿತ್ತು.

ಜೂನ್ ಇಪ್ಪತ್ತೆಂಟು, ಶುಕ್ರವಾರ. ಬೆಳಿಗ್ಗೆ ಎಂಟು ಗಂಟೆಗೆ ಗುಡಿಯ ಮುಂದೆ ಮಾವ, ರಾಜಣ್ಣ, ಸಿದ್ದರಾಜು ಮತ್ತು ಉಳಿದ ಕೆಲಸದವರು ಕಾಯುತ್ತಿದ್ದರು.

“ಏನಂದದೆ ಕೂಸೆ, ನಿನ್ ಮೈಸೂರ್‌ಪಾಕು?” ಎಂದರು ಮಾವ. ಕ್ಯೂಬುಗಳಿಗೆ ಅವರಿಟ್ಟ ಹೆಸರು ಅದು.

“ಚೆನ್ನಾಗಿ ಬಂದಿದೆ ಮಾವ.”

“ಅಂಗಾದ್ರೆ ಬಿಚ್ಬೋದೋ?”

ನಾನು ಗುಡಿಯ ಬಾಗಿಲ ಕಡೆ ನೋಡಿದೆ. ಆಮೇಲೆ, “ಅಮ್ಮನನ್ನೇ ಒಂದು ಮಾತು ಕೇಳಿಬಿಡಿ” ಎಂದೆ. ಈ ಮಾತು ಡೈರಿಯಲ್ಲಿಲ್ಲ. ನೆನಪಿನಲ್ಲಿದೆ. ನನಗೆ ಅನುಕೂಲವಲ್ಲದ ನೆನಪಾದ್ದರಿಂದ ಅದನ್ನು ನಂಬುತ್ತೇನೆ.

ನಮ್ಮಲ್ಲಿ ಅಮ್ಮನನ್ನು ಹೂ ಕೇಳುವುದು ಹೇಗೆಂದು ನಿಮಗೆ ಹೇಳಬೇಕಾಗಿಲ್ಲ. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ. ಪೂಜಾರಪ್ಪ ಗಂಟೆ ಬಾರಿಸಿ, “ತಾಯೀ, ಆಸಾಡ ಇಡಿಯೋಕ್ ಮುಂಚೆ ನಿನ್ನ ಭವನದ ಬಾಗ್ಲು ತಗೀಬೇಕು ಅಂತವ್ರೆ ಮಕ್ಳು. ನಿನ್ ಮನ್ಸಿಗ್ ಒಪ್ಪಿದ್ರೆ ಬಲಗಡೆ ಕೊಡವ್ವಾ” ಎಂದು ಬೇಡಿದರು. ಸ್ವಲ್ಪ ಹೊತ್ತಿಗೆ ಅಮ್ಮನ ಬಲಭುಜದಿಂದ ಒಂದು ಸೇವಂತಿಗೆ ಜಾರಿ ಬಿತ್ತು. ಎಲ್ಲರೂ ಕೆನ್ನೆ ಬಡಿದುಕೊಂಡರು. ನನ್ನ ಎದೆಯ ಮೇಲಿಂದ ಯಾರೋ ಭಾರ ಇಳಿಸಿಕೊಂಡಂತಾಯಿತು. ರಾಜಣ್ಣನ ಕಡೆ ನೋಡಿ, “ಶುರು ಮಾಡಿ” ಎಂದೆ.

ರಾಜಣ್ಣ ಮೊದಲ ಕಂಬದ ಬುಡದಲ್ಲಿ ಕರ್ಪೂರ ಹಚ್ಚಿ ತೆಂಗಿನಕಾಯಿ ಒಡೆದ. ಹನ್ನೊಂದೂವರೆಯವರೆಗೆ ಎಲ್ಲ ಸರಿಯಾಗಿತ್ತು. ನಾನು ಹೊರಗೆ ನಿಂತು ಎಷ್ಟು ಕಂಬ ಎಷ್ಟು ಹೊತ್ತಿಗೆ ಬಿಚ್ಚಿದರೆಂದು ಗುರುತು ಹಾಕಿಕೊಳ್ಳುತ್ತಿದ್ದೆ. ಆಗ ಒಂದು ಅಂಕಣದ ತಾರಸಿ ಕುಸಿಯಿತು. ಆ ಸದ್ದು ಹೇಗಿತ್ತೆಂದು ವರ್ಷವರ್ಷವೂ ಬೇರೆ ಬೇರೆ ರೀತಿ ಹೇಳಿದ್ದೇನೆ. ಡೈರಿಯಲ್ಲಿ ‘ಸದ್ದು’ ಎಂದಷ್ಟೇ ಇದೆ.

ಐದು ಜನ ಹೊರಗೆ ಓಡಿ ಬಂದರು. ಸಿದ್ದರಾಜು ಬರಲಿಲ್ಲ. ಮುರಿದ ತೊಲೆ ಅವನ ಬಲತೊಡೆಯ ಮೇಲೆ ಕೂತಿತ್ತು. ಜೆಸಿಬಿ ಕೆ.ಆರ್. ನಗರದಿಂದ ಬರಬೇಕು. ಅದು ಬಂದು ತೊಲೆ ಎತ್ತುವಾಗ ಮೂರೂವರೆ. ಆ ನಾಲ್ಕು ಗಂಟೆ ಅವನಿಗೆ ಎಚ್ಚರವಿತ್ತು. ಪೂಜಾರಪ್ಪ ಬಾಯಿಗೆ ನೀರು ಬಿಟ್ಟರು. “ಮೇಸ್ತ್ರಿ, ಮನಿಕ್ಕಂಡಿದ್ರೂ ಹಾಜ್ರಿ ಪೂರ್ತಿ ಹಾಕು ಕಣ್ಲಾ” ಎಂದು ಸಿದ್ದರಾಜು ರಾಜಣ್ಣನಿಗೆ ತಮಾಷೆ ಮಾಡಿದ. ಆಮೇಲೆ ನನ್ನ ಕಡೆ ತಿರುಗಿ, “ನೋವೇ ಇಲ್ಲ ಕಣ್ರವ್ವಾ. ಅದ್ಕೇ ಭಯ ಆಯ್ತದೆ” ಎಂದ.

ಅವನನ್ನು ಹೊರಗೆ ತೆಗೆಯುವ ಮೊದಲೇ ಊರಿನಲ್ಲಿ ಕಾರಣ ಹುಟ್ಟಿಕೊಂಡಿತ್ತು. ಸಿದ್ದರಾಜು ತಪ್ಪು ಕಂಬವನ್ನು ಮೊದಲು ಹೊಡೆದಿದ್ದಾನಂತೆ. ಬೆಳಿಗ್ಗೆಯೇ ಕುಡಿದು ಬಂದಿದ್ದನಂತೆ. ರಾಜಣ್ಣ ಅದನ್ನು ನನ್ನ ಎದುರಿಗೇ ಪೊಲೀಸರಿಗೆ ಹೇಳಿದ. ಎಂಟು ಗಂಟೆಗೆ ಸಿದ್ದರಾಜು ನನ್ನಿಂದ ಮಾರು ದೂರದಲ್ಲಿ ನಿಂತು ತೀರ್ಥ ತೆಗೆದುಕೊಂಡಿದ್ದ, ವಾಸನೆ ಇರಲಿಲ್ಲ. ಪೊಲೀಸರು ನನ್ನ ಕಡೆ ತಿರುಗಿ, “ನೀವೇನಮ್ಮ ಇಲ್ಲಿ?” ಎಂದರು.

“ಸ್ಟೂಡೆಂಟ್ ಸರ್” ಎಂದೆ.

ಅದು ಸುಳ್ಳಲ್ಲ. ಇಷ್ಟು ವರ್ಷ ನಾನು ಆಡಿದ ಮಾತುಗಳಲ್ಲಿ ಅದಕ್ಕಿಂತ ಕೆಟ್ಟದ್ದೂ ಇಲ್ಲ.

ಟೆಂಪೋದಲ್ಲಿ ಮಲಗಿಸಿಕೊಂಡು ಕೆ.ಆರ್. ನಗರಕ್ಕೆ, ಅಲ್ಲಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋದೆವು. ಕಾಲು ಉಳಿಯಲಿಲ್ಲ. ಭಾನುವಾರ ತೊಡೆಯಿಂದ ಕೆಳಗೆ ತೆಗೆದರು. ಆದರೆ ವೈದ್ಯರ ಚಿಂತೆ ಕಾಲಿನದಾಗಿರಲಿಲ್ಲ. ಜಜ್ಜಿಹೋದ ಮಾಂಸದ ವಿಷ ರಕ್ತಕ್ಕೆ ಇಳಿದು ಮೂತ್ರಪಿಂಡಗಳನ್ನು ಕಟ್ಟಿಹಾಕಿದೆ ಎಂದು ಒಬ್ಬ ಯುವ ಡಾಕ್ಟರು ವಿವರಿಸಿದರು. ದಿನ ಬಿಟ್ಟು ದಿನ ಮೆಷಿನ್ನಿಗೆ ಹಾಕಿ ರಕ್ತ ತೊಳೆಯುತ್ತಿದ್ದರು. “ಇದು ಎಷ್ಟು ದಿನ ಹಿಡಿಯುತ್ತೋ ಹೇಳಕ್ಕಾಗಲ್ಲ. ಯೂರಿನ್ ಬರಬೇಕು. ಬಂದ್ರೆ ಬದುಕ್ತಾರೆ, ಬರದೇ ಇದ್ರೆ ಕಷ್ಟ” ಎಂದರು.

ಮಂಚದ ಅಂಚಿಗೆ ಒಂದು ಪ್ಲಾಸ್ಟಿಕ್ ಚೀಲ ತೂಗುಬಿಟ್ಟಿದ್ದರು. ಮೊದಲ ದಿನ ಅದರೊಳಗೆ ಕಾಫಿ ಬಣ್ಣದ ಒಂದೆರಡು ಚಮಚ ಬಿದ್ದಿತ್ತು. ಆಮೇಲೆ ಏನೂ ಇಲ್ಲ. ಅವನ ಹೆಂಡತಿ ಮಾದೇವಮ್ಮ ಹೆಗ್ಗಡದೇವನಕೋಟೆಯಿಂದ ಬಸ್ಸಿನಲ್ಲಿ ಬಂದಿದ್ದಳು. ನೆಲದ ಮೇಲೆ, ಆ ಚೀಲ ಕಣ್ಣ ಮಟ್ಟಕ್ಕೆ ಬರುವಂತೆ ಕೂರುತ್ತಿದ್ದಳು. ನಾನು ಪ್ರತಿದಿನ ಕಾಲೇಜಿನಿಂದ ಹೋಗುತ್ತಿದ್ದೆ. ದಿನವೂ ಬರುವ ಇಂಜಿನಿಯರಮ್ಮ ಬಲು ಒಳ್ಳೆಯವಳು ಎಂದು ಅವಳು ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ತಾನು ಕುಡಿಯುವ ಕಾಫಿಯಲ್ಲಿ ಅರ್ಧ ಲೋಟ ನನಗೆ ಕೊಡುತ್ತಿದ್ದಳು.

“ನೀವು ಓದಿರೋರು, ಒಂದ್ ಮಾತು ಹೇಳ್ರವ್ವಾ” ಎಂದಳು ಒಂದು ದಿನ. “ದೇವ್ರತ್ರ ಉಚ್ಚೆ ಕೇಳಬೋದಾ?”

ನಾನು ಲೋಟ ಕೆಳಗಿಟ್ಟೆ.

“ಮಕ್ಳು ಕೊಡು ಅಂದೀವಿ, ಮಳೆ ಕೊಡು ಅಂದೀವಿ. ಇದ್ನ ಯಾವ ಬಾಯಲ್ಲಿ ಕೇಳಾದು? ನಾನಂತೂ ಮಾದಪ್ಪಂಗೆ ಹೇಳ್ಬುಟ್ಟಿವ್ನಿ. ನಂಗ್ ನಾಚ್ಕೆ ಇಲ್ಲ ಕಣಪ್ಪಾ, ಒಂದ್ ಚೆಂಬು ಉಚ್ಚೆ ಕೊಡು, ತಲೆ ಮ್ಯಾಲೆ ಬೇಕಾದ್ರೂ ಒತ್ಕತೀನಿ ಅಂತ.” ಹೇಳಿ ನಕ್ಕಳು. ಪಕ್ಕದ ಮಂಚದ ಮುದುಕರೂ ನಕ್ಕರು. ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಸಿದ್ದರಾಜುವಿನ ಮುಖ, ಕೈ ಊದಿಕೊಂಡು ಬಂದವು. ಮಾತು ತೊದಲತೊಡಗಿತು. ಜುಲೈ ನಾಲ್ಕು, ಗುರುವಾರದ ಡೈರಿಯನ್ನು ಇದ್ದಂತೆಯೇ ಬರೆಯುತ್ತೇನೆ: “ಅವನು ಎದ್ದರೆ, ಶುರು ಮಾಡಿ ಎಂದವರು ಯಾರು ಎಂದು ಹೇಳುತ್ತಾನೆ. ಏಳದೆ ಹೋದರೆ”. ವಾಕ್ಯ ಅಲ್ಲಿಗೇ ನಿಂತಿದೆ. ಅದನ್ನು ಬರೆದವಳು ನಾನೇ. ಅಕ್ಷರ ನನ್ನದೇ. ಆ ವಾಕ್ಯದ ಉಳಿದರ್ಧದಲ್ಲಿ ಏನಿತ್ತು ಎಂದು ನನಗೆ ನೆನಪಿಲ್ಲ ಎಂದರೆ ನೀವು ನಂಬಬೇಡಿ.

ಮಾರನೆಯ ದಿನ ಶುಕ್ರವಾರ, ಕಾಲೇಜಿಗೆ ಹೋಗದೆ ಕೆ.ಆರ್. ನಗರದ ಬಸ್ಸು ಹತ್ತಿದೆ. ಅಲ್ಲಿಂದ ಸಾಲಿಗ್ರಾಮ, ಅಲ್ಲಿಂದ ಊರಿಗೆ ನಡಿಗೆ. ಗುಡಿಯ ಪಕ್ಕದಲ್ಲಿ ಭವನ ಬಾಯಿ ತೆರೆದುಕೊಂಡು ನಿಂತಿತ್ತು. ಮುರಿದ ತಾರಸಿಯಿಂದ ಕಬ್ಬಿಣದ ಸರಳುಗಳು ಇಳಿಬಿದ್ದಿದ್ದವು. ಪೂಜಾರಪ್ಪ ನನ್ನನ್ನು ನೋಡಿ, “ಹೂ ಕೇಳ್ಳಾ ಅವ್ವಾ, ಆ ಮನ್ಸ ಉಳೀತಾನಾ ಅಂತ?” ಎಂದರು.

“ಬೇಡ ಪೂಜಾರಪ್ಪ. ಇನ್ನು ನಾನು ಹೂ ಕೇಳುವುದಿಲ್ಲ.”

ಅವರು ಹೊರಗೆ ಹೋಗಿ ಜಗಲಿಯಲ್ಲಿ ಕೂತರು. ನಾನು ಅಮ್ಮನ ಮುಂದೆ ನಿಂತೆ. ಹರಕೆ ಹೊರೋಣವೆಂದರೆ ಅಮ್ಮನಿಗೆ ಕೊಡಲು ನನ್ನ ಹತ್ತಿರ ಇದ್ದದ್ದು ನಿಜ ಒಂದೇ. ‘ಅವನನ್ನು ಉಳಿಸು, ನಿಜ ಹೇಳುತ್ತೇನೆ’ ಎನ್ನಲು ಬಾಯಿ ತೆರೆದೆ. ಬರಲಿಲ್ಲ. ಓದು, ಡಿಗ್ರಿ, ಹುಣಸೂರಿನ ಬೀದಿ, ಅಪ್ಪನ ಮುಖ, ಎಲ್ಲ ಅಡ್ಡ ಬಂದವು. ಕೊನೆಗೆ ಏನನ್ನೂ ಕೊಡದೆ, ಮಾದೇವಮ್ಮನ ಮಾತನ್ನೇ ಎರವಲು ಪಡೆದು ಬೇಡಿದೆ. “ತಾಯಿ, ಅವನಿಗೆ ಉಚ್ಚೆ ಕೊಡು.” ಅಷ್ಟೇ ನನ್ನ ಪ್ರಾರ್ಥನೆ. ಮನಸ್ಸಿಗೆ ಶಾಂತಿ ಸಿಕ್ಕಲಿಲ್ಲ. ಯಾವ ಸೂಚನೆಯೂ ಆಗಲಿಲ್ಲ.

ಶನಿವಾರ ಚೀಲ ಖಾಲಿ. ಭಾನುವಾರ, ಸೋಮವಾರ ಖಾಲಿ. ಸೋಮವಾರ ಸಂಜೆ ಆ ಯುವ ಡಾಕ್ಟರು ನನ್ನನ್ನು ಹೊರಗೆ ಕರೆದು, “ಮನೆಯವರಿಗೆ ಸ್ವಲ್ಪ ಹೇಳಿಡಿ” ಎಂದರು. ನಾನು ಹೇಳಲಿಲ್ಲ.

ಮಂಗಳವಾರ, ಜುಲೈ ಒಂಬತ್ತು, ಬೆಳಿಗ್ಗೆ ಹತ್ತು ನಲವತ್ತು. ನಾನು ಮೆಟ್ಟಿಲು ಹತ್ತುತ್ತಿದ್ದೆ. ಮೇಲಿನಿಂದ ಮಾದೇವಮ್ಮನ ಕೂಗು ಕೇಳಿಸಿತು. ಪ್ರಾಣ ಹೋಯಿತೆಂದುಕೊಂಡು ಮೆಟ್ಟಿಲ ಕಂಬಿ ಹಿಡಿದು ನಿಂತೆ.

“ಬಂತು ಕಣ್ರವ್ವೋ! ಬಂತು! ಬನ್ನಿ, ನೋಡ್ಬನ್ನಿ!”

“ಏನಮ್ಮ, ಇದೇನು ಸಂತೇನಾ?” ಎಂದು ನರ್ಸ್ ಗದರಿದರು. ಗದರಿದವರೇ ಬಗ್ಗಿ ಚೀಲ ನೋಡಿ ಡಾಕ್ಟರನ್ನು ಕರೆಯಲು ಹೋದರು. ಮೂವತ್ತು ಎಂ.ಎಲ್. ಒಂದು ಸಣ್ಣ ಲೋಟದ ತಳ ಮುಚ್ಚುವಷ್ಟು. ಡಾಕ್ಟರು ಬಂದು ಚೀಲವನ್ನು ಬೆಳಕಿಗೆ ಹಿಡಿದು ನೋಡಿ, ಏನೋ ಬರೆದುಕೊಂಡು, ಒಂದು ಸಲ ನನ್ನತ್ತ ತಲೆಯಾಡಿಸಿದರು. ಪಕ್ಕದ ಮಂಚದ ಮುದುಕರು ಎದ್ದು ಕೂತು ಆ ಚೀಲಕ್ಕೆ ಕೈಮುಗಿದರು. ಸಂಜೆಗೆ ಅದು ನೂರು ದಾಟಿತು. ಮಾರನೆಯ ಬೆಳಿಗ್ಗೆ ಸಿದ್ದರಾಜು ಕಣ್ಣು ತೆರೆದು ಹೆಂಡತಿಯನ್ನು, “ಯಾಕಮ್ಮೀ ಅಂಗ್ ಬಡ್ಕತಿದ್ದೆ?” ಎಂದು ಕೇಳಿದ.

ಬುಧವಾರ ಅಮಾವಾಸ್ಯೆ. ಆಸ್ಪತ್ರೆಯ ಹಿಂದಿನ ನಲ್ಲಿಯ ಹತ್ತಿರ ಮಾದೇವಮ್ಮ ಬಟ್ಟೆ ಜಾಲಿಸುತ್ತಿದ್ದಳು. ಅವಳ ಪಕ್ಕದಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ತಾರಸಿ ಒಣಗಿದ್ದು ನನಗೆ ಗೊತ್ತಿದ್ದದ್ದು, ಗೊತ್ತಿದ್ದೂ ಅಮ್ಮನ ಮೇಲೆ ಹಾಕಿದ್ದು, ಶುರು ಮಾಡಿ ಎಂದದ್ದು, ಸಿದ್ದರಾಜು ಕುಡಿದಿರಲಿಲ್ಲ ಎಂಬುದು.

ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ. “ಕುಡ್ದಿದ್ದ ಅಂತ ಅವ್ರು ಅನ್ನೋವಾಗ ನೀವು ಅಲ್ಲೇ ಇದ್ರಾ?”

“ಇದ್ದೆ.”

“ಸುಮ್ಕೇ ಇದ್ರಾ?”

“ಸುಮ್ಮನಿದ್ದೆ.”

“ದಿನಾ ನನ್ ಕಾಪಿ ಈಸ್ಕಂಡು ಕುಡುದ್ರಿ.” ಸೀರೆಯನ್ನು ಒದರಿ ಹೆಗಲಿಗೆ ಹಾಕಿಕೊಂಡಳು. “ನಾಳಿಂದ ಬರ್‌ಬ್ಯಾಡಿ.”

ಆಮೇಲೆ ಪೊಲೀಸರಿಗೆ, ಕಾಲೇಜಿನ ನನ್ನ ಮಾರ್ಗದರ್ಶಕರಿಗೆ ಬರೆದು ಕೊಟ್ಟೆ. ಮಾವನಿಗೆ ಹೇಳಿದಾಗ, “ಅಮ್ಮನೇ ಹೂ ಕೊಟ್ಟವ್ಳೆ, ನಿಂದೇನ್ ತಪ್ಪಿದ್ದದು ಕೂಸೆ?” ಎಂದರು.

“ಅಮ್ಮನನ್ನು ನಾವು ಕೇಳಿದ್ದು ಭವನದ ಬಾಗಿಲು ತೆಗೆಯುವುದನ್ನು ಮಾತ್ರ ಮಾವ. ಬದು ಒಣಗಿದ್ದನ್ನು ಏಣಿ ಹತ್ತಿ ನೋಡಿದವಳು ನಾನು.”

ಆ ಭಾನುವಾರ ಮಾವ ಊರವರನ್ನು ಗುಡಿಯ ಮುಂದೆ ಕೂಡಿಸಿ, ಸಿದ್ದರಾಜು ಕುಡಿದಿರಲಿಲ್ಲ, ತಪ್ಪು ಕಂಬ ಹೊಡೆಯಲಿಲ್ಲ ಎಂದು ನನ್ನಿಂದಲೇ ಹೇಳಿಸಿದರು. ರಾಜಣ್ಣ ತಲೆ ತಗ್ಗಿಸಿ ಕೂತಿದ್ದ. ನನ್ನ ಪ್ರಬಂಧವನ್ನು ಕಾಲೇಜು ತಿರಸ್ಕರಿಸಿತು. ಮತ್ತೆ ಮೊದಲಿನಿಂದ ಮಾಡಿ ೨೦೦೪ರಲ್ಲಿ ಡಿಗ್ರಿ ಪಡೆದೆ. ಕ್ಯೂಬುಗಳು ಲ್ಯಾಬಿನ ತೊಟ್ಟಿಯಲ್ಲಲ್ಲ, ತಾರಸಿಯ ಪಕ್ಕದಲ್ಲೇ ಅದೇ ಬಿಸಿಲು, ಅದೇ ಗಾಳಿ ತಿನ್ನುತ್ತಾ ಇರಬೇಕು ಎಂಬುದೇ ಅದರ ಕೊನೆಯ ಅಧ್ಯಾಯ. ಒಂದು ಕಾಲಿನ ಬೆಲೆಗೆ ಕಲಿತ ವಿಷಯವನ್ನು ಎಂಟು ಪುಟದಲ್ಲಿ ಬರೆದಿದ್ದೇನೆ.

ಸಿದ್ದರಾಜು ಈಗ ತನ್ನ ಹಳ್ಳಿಯಲ್ಲಿದ್ದಾನೆ. ಕೃತಕ ಕಾಲು ಒಗ್ಗಲಿಲ್ಲ. ಮತ್ತೆ ಕೆಲಸಕ್ಕೆ ಹೋಗಲಾಗಲಿಲ್ಲ. ಒಂದು ಸಲ ಹೋಗಿದ್ದೆ. ಅವನು ಮಾತಾಡಿಸಿದ, ಮಾದೇವಮ್ಮ ಒಳಗಿನಿಂದ ಬರಲಿಲ್ಲ. ಅವಳ ಕ್ಷಮೆ ಸಿಕ್ಕಿತೆಂದು ಎಲ್ಲಿಯೂ ಹೇಳಿಕೊಳ್ಳಲಾರೆ.

ಈಗ ತಿದ್ದಬೇಕಾದದ್ದನ್ನು ತಿದ್ದುತ್ತೇನೆ. ಈ ಏಳು ವರ್ಷ ಪೂಜೆಯಲ್ಲಿ ನಾನು ಹೇಳುತ್ತಾ ಬಂದದ್ದು ಹೀಗೆ: ನಾನು ಮಾದೇವಮ್ಮನಿಗೆ ನಿಜ ಹೇಳಿದೆ, ಮಾರನೆಯ ದಿನವೇ ಅಮ್ಮ ಮೂತ್ರ ಕೊಟ್ಟಳು. ಸತ್ಯಕ್ಕೆ ಫಲ. ನೀವೆಲ್ಲ ಕಣ್ಣೊರೆಸಿಕೊಂಡಿರಿ, ನಾನೂ ಒರೆಸಿಕೊಂಡೆ. ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನಿಸಿರಲಿಲ್ಲ. ಹೇಳಿ ಹೇಳಿ ನೆನಪೇ ಹಾಗಾಗಿತ್ತು. ಆದರೆ ಡೈರಿಯ ತಾರೀಕುಗಳು ಬೇರೆ. ಮೂತ್ರ ಬಂದದ್ದು ಮಂಗಳವಾರ. ನಾನು ಬಾಯಿ ಬಿಟ್ಟದ್ದು ಬುಧವಾರ.

ಇದನ್ನು ಕಂಡ ದಿನ ನನಗೆ ನಾಚಿಕೆಯಾಯಿತು. ಆಮೇಲೆ, ಸ್ವಲ್ಪ ದಿನ ಬಿಟ್ಟು, ಇಷ್ಟು ವರ್ಷದಲ್ಲಿ ಆಗದಿದ್ದ ಒಂದು ನೆಮ್ಮದಿಯಾಯಿತು. ನಾನು ಹೇಳುತ್ತಿದ್ದ ಕಥೆಯಲ್ಲಿ ಅಮ್ಮ ಮಾಡಿದ್ದು ವ್ಯಾಪಾರ. ನಡೆದದ್ದರಲ್ಲಿ ವ್ಯಾಪಾರವಿಲ್ಲ. ಕೊಡಲು ಏನೂ ಇಲ್ಲದವಳ, ಕೊಡಲು ಮನಸ್ಸೂ ಇಲ್ಲದವಳ, ಅರ್ಧ ವಾಕ್ಯದಲ್ಲಿ ಒಬ್ಬ ಮನುಷ್ಯನ ಸಾವನ್ನು ತೂಗಿ ನೋಡಿದವಳ ಬಾಯಿಂದ ಬಂದ ಬೇಡಿಕೆಯನ್ನು ಅವಳು ಕೇಳಿಸಿಕೊಂಡಳು. ಅಥವಾ ಮಾದೇವಮ್ಮನ ಬೇಡಿಕೆಯನ್ನು ಮಾದಪ್ಪ ಕೇಳಿಸಿಕೊಂಡ. ನನ್ನದು ಅದರ ಪಕ್ಕದಲ್ಲಿ ನಿಂತಿತ್ತು ಅಷ್ಟೆ. ಹೂ ಯಾಕೆ ಬಲಗಡೆ ಬಿತ್ತು ಎಂದು ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ಗೊತ್ತು ಮಾಡಿಕೊಳ್ಳಲು ಮತ್ತೆ ಹೂ ಕೇಳಿಲ್ಲ.

ನಿಜ ಹೇಳಿದ್ದಕ್ಕೆ ಅಮ್ಮ ಕೊಟ್ಟಳೆಂದು ಇನ್ನು ಯಾರೂ ಹೇಳಬೇಡಿ. ಅವಳು ಕೊಟ್ಟದ್ದನ್ನು ಕಣ್ಣಾರೆ ಕಂಡ ಮೇಲೆ ನನ್ನ ಕೈಲಿ ಸುಮ್ಮನಿರಲು ಆಗಲಿಲ್ಲ. ತಾಯಿ, ಒಬ್ಬ ಮನುಷ್ಯನ ಪ್ರಾಣವನ್ನೂ, ಒಂದು ದಿನ ತಡವಾಗಿ ನನ್ನ ಬಾಯನ್ನೂ ಬಿಡಿಸಿದವಳು ನೀನು. ಅಡ್ಡಬಿದ್ದೆ.